ಹದಿನೇಳನೇ ನಂಬರಿನ ಡೇರೆ

ಭಾನುವಾರ, ೨೩ ನವೆಂಬರ್

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ಹೂವಿನ ಪ್ರದರ್ಶನ ಮುಗಿದು ಹನ್ನೊಂದು ದಿನವಾಯಿತು. ಅಂದೇ ಬರೆಯಬೇಕಿತ್ತು. ಕಾಗದ ತೆಗೆದು ಕೂತರೆ ಒಂದಲ್ಲ ಒಂದು ಕೆಲಸ ನೆನಪಾಗುತ್ತಿತ್ತು. ನೆನಪಾಗದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ಬೈಯುವಷ್ಟು ಬೈದುಬಿಡು.

ನರ್ಸರಿ ಹೇಗೋ ನಡೆಯುತ್ತಿದೆ. ನಿನ್ನ ಭಾವನಿಗೆ ಮಂಡಿನೋವು, ಆದರೂ ಕುಂಡಗಳನ್ನೆಲ್ಲ ತಾನೇ ಎತ್ತಬೇಕೆಂಬ ಹಟ. ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತು. ಪ್ರದರ್ಶನದಿಂದ ಬರುವಾಗ ವ್ಯಾನಿನಲ್ಲಿ ಕೇಳಿದರು: "ಹೂವಿನ ಬಗ್ಗೆ ಅಷ್ಟೆಲ್ಲ ಹೇಳಿದ್ಯಲ್ಲ, ಅವಳ ಬಗ್ಗೆ ಹೇಳೋಕೆ ಒಂದು ಮಾತೂ ಸಿಗಲಿಲ್ವಾ?" ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನೀನು ಬರುವ ಮುಂಚೆ ಅಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಮೇಜಿನ ಮೇಲೆ ಬರೀ ನಂಬರು. ಯಾರ ಹೂವೆಂದು ತೀರ್ಪುಗಾರರಿಗೆ ತಿಳಿಯಬಾರದು. ನನ್ನ ಜೊತೆ ತೀರ್ಪಿಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ಹೊಸ ತಳಿಗಳ ಸಾಲಿನಲ್ಲಿ ಹದಿನೇಳನೇ ನಂಬರಿನ ಮುಂದೆ ನಿಂತುಬಿಟ್ಟರು. "ಅಬ್ಬಬ್ಬಾ! ಮೇಡಂ, ಇದು ನಿಮ್ಮ ಡೇರೆ ಹೂವು ಅಲ್ವಾ? ನಿಮ್ಮ ಹೆಸರಲ್ಲಿ ರಿಜಿಸ್ಟರ್ ಆಗಿದ್ಯಲ್ಲ, ಅದೇ!" ಪ್ರದರ್ಶನದ ಕಾರ್ಯದರ್ಶಿ ಓಡಿ ಬಂದರು. "ಸುಮ್ನೆ ಆರೋಪ ಬೇಡ ಮೇಷ್ಟ್ರೇ. ಮೇಡಂ, ನೀವೇ ಪರೀಕ್ಷೆ ಮಾಡಿ ಹೇಳ್ಬಿಡಿ."

ಪರೀಕ್ಷೆ ಏನು ಬಂತು! ಆ ಗಿಡ ಇರುವುದು ಎರಡೇ ಕಡೆ: ಇಲ್ಲಿ, ಮತ್ತು ಬೇರೆಯಾಗಿ ಹೋಗುವಾಗ ಗೆಡ್ಡೆ ಒಯ್ದ ನಿನ್ನ ತೋಟದಲ್ಲಿ. ಆದರೂ ಕನ್ನಡಕ ಒರೆಸಿಕೊಂಡು ಒಂದೊಂದೇ ಹೇಳಿದೆ. ದಳ ಕಡುಗೆಂಪು, ತುದಿ ಬಿಳಿ, ಆ ಬಿಳಿಯಲ್ಲಿ ಕತ್ತರಿ ಆಡಿಸಿದಂತೆ ಸೀಳು. ತಿರುಗಿಸಿದರೆ ದಳದ ಬೆನ್ನು ನೇರಳೆ. ಕೆಳಸಾಲಿನಲ್ಲಿ ಎರಡು ಮೂರು ದಳ ಎಡಕ್ಕೆ ತಿರುಚಿಕೊಂಡಿವೆ. ದಂಟು ಕಪ್ಪಗಿದೆ, ಒಳಗೆ ಟೊಳ್ಳು. ಎದುರುಬದುರು ಎಲೆಗಳ ನಡುನರ ಕೆಂಪು. ಬೀಜ ಬಿತ್ತಿದರೆ ಡೇರೆ ಒಂದರಂತೆ ಇನ್ನೊಂದು ಹುಟ್ಟುವುದಿಲ್ಲ, ಗೆಡ್ಡೆಯಿಂದ ಬಂದದ್ದು ಮಾತ್ರ ತಾಯಿಗಿಡದಂತೆಯೇ ಇರುತ್ತದೆ. ಸುತ್ತ ಜನ ಸೇರಿದ್ದರು. ಸುಳ್ಳೇಕೆ ಹೇಳಲಿ, ನನಗೆ ಹಿತವಾಯಿತು. "ಇದು ನಮ್ಮ ಗಿಡದ ಗೆಡ್ಡೆಯದೇ," ಎಂದೆ.

ಕಾರ್ಯದರ್ಶಿ ಚೀಟಿ ತಿರುಗಿಸಿದರು. ನಿನ್ನ ಹೆಸರು, ಕೆಳಗೆ ನಿನ್ನ ಕೈಬರಹ: 'ಬೀಜದಿಂದ ನಾನೇ ಎಬ್ಬಿಸಿದ ತಳಿ.' ನಿನ್ನನ್ನು ಕರೆಸಿದರು.

"ಏನಮ್ಮಾ, ಅಕ್ಕನ ಗಿಡ ತಂದು ನಂದು ಅಂತ ಬರ್ದಿದ್ದೀರಲ್ಲ?" ಎಂದರು ಕಾರ್ಯದರ್ಶಿ.

ನೀನು ಅವರ ಕಡೆ ನೋಡಲೇ ಇಲ್ಲ. "ಅಕ್ಕಾ, ನೀನೇ ಹೇಳು," ಅಂದೆ.

"ಕಂಡದ್ದನ್ನ ಹೇಳಿದ್ದೀನಿ," ಅಂದೆ ನಾನು.

ಆಮೇಲೆ ಮೈಕಿನಲ್ಲಿ ಓದಿದರು, ನಿನ್ನ ಹೆಸರು ತೆಗೆದದ್ದನ್ನೂ ಮೂರು ವರ್ಷ ನೀನು ಬರುವಂತಿಲ್ಲ ಎಂಬುದನ್ನೂ. ನೀನು ಹೂವನ್ನು ಅಲ್ಲೇ ಬಿಟ್ಟು ಹೊರಟೆ. ಮೊನ್ನೆ ಮೇಷ್ಟ್ರು ಸಿಕ್ಕಿದ್ದರು. ನಿನ್ನ ನರ್ಸರಿಗೆ ಜನ ಬರುವುದು ನಿಂತಿದೆಯಂತೆ, 'ಕದ್ದ ಗಿಡದವಳು' ಅನ್ನುತ್ತಾರಂತೆ.

ಮೈ ಕಡೆ ನೋಡಿಕೋ. ಸಿಟ್ಟಿನಲ್ಲಿ ಊಟ ಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನಿನ್ನ ಕೈ ತಾಗಿದ ಗಿಡವೆಲ್ಲ ಚಿಗುರಲಿ, ನೀನು ಚೆನ್ನಾಗಿರು.

ಇತಿ,
ನಿನ್ನ ಅಕ್ಕ

ತಾ.ಕ.: ಇದು ಮರೆತ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ಡೇರೆ ಹುಟ್ಟಿದ ವರ್ಷ ನಾನು ಟೈಫಾಯ್ಡ್ ಆಗಿ ಎರಡು ತಿಂಗಳು ಮಲಗಿದ್ದೆ. ಬೀಜ ಬಿತ್ತಿದವಳು ನೀನು. ಅರವತ್ತು ಸಸಿ ಬೆಳೆಸಿ, ಹೂ ನೋಡಿ, ಐವತ್ತೊಂಬತ್ತನ್ನು ಕಿತ್ತೆಸೆದು ಇದೊಂದನ್ನು ಉಳಿಸಿದವಳೂ ನೀನೇ. ರಿಜಿಸ್ಟರ್ ಅರ್ಜಿಯಲ್ಲಿ ನಾನು ನನ್ನ ಹೆಸರೊಂದನ್ನೇ ಬರೆದೆ. "ನನ್ನ ಹೆಸ್ರೂ ಹಾಕಕ್ಕಾ," ಅಂದಾಗ "ಮನೆ ಒಂದೇ ಅಲ್ವೇನೇ," ಅಂತ ನಿನ್ನ ಬಾಯಿ ಮುಚ್ಚಿಸಿದೆ. ಕದ್ದವಳು ನಾನು. ಈ ಕಾಗದವನ್ನು ಕಾರ್ಯದರ್ಶಿಯ ಕೈಗೆ ಕೊಡು. ಅವರೆದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಇದ್ದಿದ್ದರೆ ಅಂದೇ ಹೇಳುತ್ತಿದ್ದೆ. ನಾಳೆಯೋ ನಾಡಿದ್ದೋ ನಾನೇ ಓಡಿ ಬಂದು, ಕಾಗದ ವಾಪಸ್ ಕೊಡು ಅಂತ ನಿನ್ನ ಬಾಗಿಲಲ್ಲಿ ಅಳಬಹುದು. ಕೊಡಬೇಡ.