ಕ್ಲಚ್ಚಿನ ಮೇಲಿನ ಕಾಲು

ಮನೆಯಿಂದ, ಬುಧವಾರ, ಹದಿನಾರನೇ ತಾರೀಖು

ಪ್ರೀತಿಯ ಗುಂಡನಿಗೆ,

ಹೇಗಿದ್ದೀಯ ತಮ್ಮಾ? ಸೊಂಟನೋವು ಕಡಿಮೆಯಾಯಿತೆ? ಆರು ವರ್ಷದಿಂದ ಒಂದು ಕಾಗದಕ್ಕೂ ನೀನು ಉತ್ತರ ಬರೆದಿಲ್ಲ. ಹಾಗಾಗಿ ಕಡಿಮೆಯಾಗಿದೆ ಎಂದೇ ಹಿಡಿದಿದ್ದೇನೆ. ಮೊದಲು ಖರ್ಚು ಹೇಳಿಬಿಡುತ್ತೇನೆ. ಹಳೇ ಕಾರುಗಳ ರ‍್ಯಾಲಿಗೆ ಪ್ರವೇಶ ಶುಲ್ಕ ನಾಲ್ಕು ಸಾವಿರ, ಎರಡು ಟಯರಿಗೆ ಹನ್ನೊಂದು, ಪೆಟ್ರೋಲಿಗೆ ಮೂರು, ಸೀಟು ಹೊಲಿಯುವ ನನ್ನ ಅಂಗಡಿಗೆ ಎರಡು ದಿನ ಬೀಗ ಬಿದ್ದು ಇನ್ನೆರಡು. ಒಟ್ಟು ಇಪ್ಪತ್ತು ಸಾವಿರ. ಅಪ್ಪನ ಕೋಟು ಬಿಚ್ಚಿ ಹೊಲಿದದ್ದು ನಾನೇ, ಅದಕ್ಕೆ ಕೂಲಿ ಹಾಕಿಲ್ಲ.

ಅಪ್ಪನಿಗೆ ಮರೆವು ಹತ್ತಿ ಒಂದೂವರೆ ವರ್ಷವಾಯಿತು. ದಿನಾ ಬೆಳಿಗ್ಗೆ ಕೋಟು ತೊಟ್ಟು ಶೆಡ್ಡಿಗೆ ಹೋಗಿ, ಕೆಂಪು ಕಾರಿನ ಪಕ್ಕದ ಸೀಟಿನಲ್ಲಿ ಕೂತು, "ಗುಂಡ ಎಲ್ಲಿ? ರ‍್ಯಾಲಿಗೆ ಹೊತ್ತಾಯ್ತು" ಅನ್ನುತ್ತಿದ್ದರು. ಬರ್ತಾನೆ ಬರ್ತಾನೆ ಅಂತ ಎಷ್ಟು ದಿನ ಸಾಗಹಾಕಲಿ? ಕೊನೆಗೆ ನಾನೇ ಸ್ಟಿಯರಿಂಗ್ ಹಿಡಿದೆ. ಆ ಕಾರಿನ ಸೀಟನ್ನು ಮೂರು ಸಲ ಹೊಲಿದವಳು ನಾನು. ಓಡಿಸಲು ಅಪ್ಪ ಒಂದು ಸಲವೂ ಬಿಟ್ಟಿರಲಿಲ್ಲ. "ನೀನು ಹೊಲಿ, ಅವನು ಓಡಿಸ್ಲಿ" ಅನ್ನುತ್ತಿದ್ದದ್ದು ನಿನಗೂ ನೆನಪಿರಬೇಕು.

ಮೊನ್ನೆ ಭಾನುವಾರ ಮೈದಾನದಲ್ಲಿ ಮೂವತ್ತು ಕಾರು. ಬಾನೆಟ್ ಎತ್ತಿಟ್ಟು ಒಬ್ಬರ ಎಂಜಿನ್ ಇನ್ನೊಬ್ಬರು ಹೊಗಳುತ್ತ, ಒಳಗೊಳಗೇ ತಮ್ಮದೇ ಮೇಲು ಅಂದುಕೊಳ್ಳುವ ಅದೇ ಜನ. ಅವರಲ್ಲೊಬ್ಬ ಹಲ್ಲಿನ ಡಾಕ್ಟರು ನಮ್ಮ ಕಾರಿನೊಳಗೆ ಇಣುಕಿ, "ಏನಮ್ಮಾ, ಸ್ಪೀಡ್ ಮೀಟರೇ ಕೆಟ್ಟಿದೆಯಲ್ಲ?" ಅಂದರು. "ಪಕ್ಕದಲ್ಲಿ ಕೂತಿದೆ ನೋಡಿ" ಅಂದೆ. ಸುಳ್ಳಲ್ಲ. ಹೇಳಿದ ವೇಗದಲ್ಲೇ ಹೋಗಬೇಕು, ಬೇಗ ತಲುಪಿದರೂ ಅಂಕ ಕಡಿತ ಎಂಬ ಆ ಸ್ಪರ್ಧೆಯಲ್ಲಿ, ಅಪ್ಪ ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳಿಯೇ "ನಲವತ್ತೈದು, ಹೀಗೇ ಇರ್ಲಿ ಗುಂಡಾ" ಅನ್ನುತ್ತಿದ್ದರು. ಒಮ್ಮೆ, "ನಾನಪ್ಪಾ, ನಿಮ್ಮ ಮಗಳು" ಅಂದೆ. ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ಗಾಬರಿಯಾದರು. ಆಮೇಲೆ ದಾರಿಯುದ್ದಕ್ಕೂ ನೀನೇ ಆಗಿಬಿಟ್ಟೆ.

ಗುಡ್ಡದ ತಿರುವು ಬಂತು. ಆರು ವರ್ಷದ ಹಿಂದೆ ಅಲ್ಲೇ ಅಲ್ಲವೆ, "ಕ್ಲಚ್ ಮೇಲೆ ಕಾಲಿಟ್ಟು ಗಾಡಿ ಸಾಯಿಸ್ತೀಯಲ್ಲೋ" ಅಂತ ಎಲ್ಲರೆದುರು ಅಪ್ಪ ಬೈದದ್ದು, ನೀನು ಕೀಲಿ ಎಸೆದು ನಡೆದುಹೋದದ್ದು? ಅಪ್ಪ ಎಂಜಿನ್ ಸದ್ದಿಗೆ ಕಿವಿಗೊಟ್ಟರು. ನನ್ನ ಮಂಡಿ ತಟ್ಟಿ, "ಕಾಲು ತೆಗ್ದಿದೀಯ. ಕಲಿತ್ಬಿಟ್ಟೆ ಕಣೋ. ಅವತ್ತು ನಾನು ಹಾಗೆ ಬೈಬಾರ್ದಿತ್ತು" ಅಂದರು. ರಸ್ತೆ ಮಂಜಾಯಿತು. ವೈಪರ್ ಹಾಕಿ ಏನೂ ಪ್ರಯೋಜನವಿರಲಿಲ್ಲ.

ಎರಡನೇ ಬಹುಮಾನ ಬಂತು. ಊಟದ ಹೊತ್ತಿಗೆ ಅಪ್ಪ ಎದ್ದು ನಿಂತು, "ನನ್ನ ಮಗ ಓಡ್ಸಿದ್ದು" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನೇ ಮೊದಲು ಚಪ್ಪಾಳೆ ತಟ್ಟಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಹಠ ಸ್ವಲ್ಪ ಕಡಿಮೆ ಮಾಡು.

ನಿನ್ನ ಅಕ್ಕ

ಮರೆತಿದ್ದೆ: ಮೂರು ದಿನದಿಂದ ಅಪ್ಪ ಶೆಡ್ಡಿಗೆ ಹೋಗಿಲ್ಲ. ಕರೆದರೆ, "ಗುಂಡ ಬಂದು ಹೋದ್ನಲ್ಲ, ಇನ್ಯಾಕೆ?" ಅನ್ನುತ್ತಾರೆ. ಕಾಯುವುದನ್ನೇ ಬಿಟ್ಟಿದ್ದಾರೆ. ತಪ್ಪು ನನ್ನದು. ನಿನ್ನ ಮುಖವಾದರೂ ನೆನಪಿರುವಾಗ ಬಂದುಬಿಡು. ಅಪ್ಪನಿಗೆ ಮಗ ಸಿಕ್ಕ. ನಿನಗೆ ಕ್ಷಮೆ ಸಿಕ್ಕಿತು, ಬಹುಮಾನವೂ ಸಿಕ್ಕಿತು. ನನಗೆ ಎರಡು ಹೊಸ ಟಯರು.