ಎರಡನೇ ಸಾಲು

ಗುರುವಾರ, ಮಧ್ಯಾಹ್ನ

ನನ್ನವಳಿಗೆ (ಆಕ್ಷೇಪಣೆ ಇದ್ದಲ್ಲಿ ಏಳು ದಿನದೊಳಗೆ ತಿಳಿಸತಕ್ಕದ್ದು),

ನೀನು ಅಕ್ಕನ ಮನೆಗೆ ಹೋಗಿ ಹನ್ನೊಂದು ವಾರವಾಯಿತು. ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತು ವರ್ಷ ‘ಹೊರಡಲು ಸಿದ್ಧವಾಗಿದೆ’ ಎಂದು ಕೂಗಿದವನು ನಾನು. ಮನೆಯಲ್ಲಿ, ಪಕ್ಕದ ಕೋಣೆಯಲ್ಲೇ ಒಬ್ಬಳು ಹೊರಡಲು ಸಿದ್ಧವಾಗಿದ್ದು ಮಾತ್ರ ನನಗೆ ತಿಳಿಯಲಿಲ್ಲ.

ನಾನು ಚೆನ್ನಾಗಿದ್ದೇನೆ. ಅಡುಗೆಯೂ ನಡೆದಿದೆ. ಪಾತ್ರೆ ತಳ ಹಿಡಿಯುತ್ತದೆ, ನಾನು ಹಟ ಹಿಡಿಯುತ್ತೇನೆ, ಇಬ್ಬರೂ ಬಿಡುವುದಿಲ್ಲ. ಬೆಳಿಗ್ಗೆ ಕೈತಪ್ಪಿ ಎರಡು ಲೋಟ ಕಾಫಿ ಮಾಡಿ, ಎರಡನ್ನೂ ನಾನೇ ಕುಡಿಯುತ್ತೇನೆ. ಎರಡನೆಯದು ಅಷ್ಟರಲ್ಲಿ ಆರಿರುತ್ತದೆ.

ಪಾರ್ಕಿನ ಭಾನುವಾರದ ಉಚಿತ ಕಾರ್ಯಕ್ರಮ ಎಂದಿನಂತೆ ನಡೆಯುತ್ತಿದೆ. ನಿರೂಪಣೆ ಇನ್ನೂ ನನ್ನದೇ. ಕಳೆದ ವಾರ ಹೊಲಿಗೆ ಅಂಗಡಿಯವರು ಕೊಳಲು ಊದಿದರು. ಅದರ ಹಿಂದಿನ ವಾರ ಅಂಚೆ ಕಚೇರಿಯವರ ನಾಟಕ. ರಾಜನಿಗಿಂತ ಮೊದಲು ಅವನ ಮೀಸೆ ಪದತ್ಯಾಗ ಮಾಡಿತು. ಮೊದಲ ಸಾಲಿನ ಮೂರನೇ ಕುರ್ಚಿಯ ಮೇಲೆ ನೀನು ಬಿಟ್ಟುಹೋದ ಕೊಡೆ ಇಡುತ್ತೇನೆ. ಯಾರಾದರೂ ‘ಇಲ್ಲಿ ಯಾರಾದ್ರೂ ಬರ್ತಾರಾ?’ ಅಂದರೆ ‘ಹ್ಞೂಂ, ದಾರೀಲಿದ್ದಾರೆ’ ಅನ್ನುತ್ತೇನೆ. ಎಷ್ಟು ವಾರದ ದಾರಿ ಅಂತ ಹೇಳುವುದಿಲ್ಲ.

ಆ ದಿನದ ವಿಷಯಕ್ಕೆ ಬರುತ್ತೇನೆ. ಮದುವೆಯಾದಾಗ ಬಿಟ್ಟ ಹಾಡನ್ನು ನೀನು ಮತ್ತೆ ಹಿಡಿದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕದ್ದು ಅಭ್ಯಾಸ ಮಾಡಿ, ಮೊದಲ ಸಲ ಆ ವೇದಿಕೆ ಹತ್ತಿದ್ದೆ. ನಾನೋ ಮೈಕು ಹಿಡಿದು, ‘ಮನೇಲಿ ದಿನಾ ರಾಗ ಎಳೀತಾರೆ, ಇವತ್ತು ನಿಮಗೋಸ್ಕರ ಇಲ್ಲಿ ಎಳೀತಾರೆ, ಅದೂ ಉಚಿತವಾಗಿ!’ ಅಂದೆ. ಪ್ರವೇಶ ಉಚಿತ, ಮಾತು ಅನುಚಿತ, ಒಪ್ಪಿದೆ. ಆದರೆ ಗೊಣಗಾಟಕ್ಕೂ ಸಂಗೀತಕ್ಕೂ ಒಂದೇ ಪದ ಇಟ್ಟುಕೊಂಡ ಭಾಷೆಯದೂ ಸ್ವಲ್ಪ ತಪ್ಪಿದೆ. ಜನ ಬಿದ್ದು ಬಿದ್ದು ನಕ್ಕರು. ನೀನು ಒಂದು ಸಾಲು ಹಾಡಿ, ಎರಡನೆಯದಕ್ಕೆ ಬಾಯಿ ತೆರೆದು, ಹಾಗೇ ಇಳಿದುಬಿಟ್ಟೆ.

ಜನ ನಕ್ಕರೆ ನಾನೇನು ಮಾಡಲಿ ಅಂತ ನಾನು ಮನೆಯಲ್ಲಿ ವಾದಿಸಿದೆ. ‘ಒಬ್ಬರು ನಕ್ಕಿದ್ದು ಸಾಕು ನಂಗೆ’ ಅಂದು ನೀನು ಕೋಣೆಯ ಬಾಗಿಲು ಹಾಕಿಕೊಂಡೆ. ಒಬ್ಬರಾ? ಪಾರ್ಕಿಗೆ ಪಾರ್ಕೇ ನಕ್ಕಿತ್ತಲ್ಲ! ಸಿಟ್ಟಿನಲ್ಲಿ ಎಣಿಕೆ ತಪ್ಪಿದೆ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ನೀನಿಲ್ಲ.

ಬರುವ ಭಾನುವಾರ ಈ ವರ್ಷದ ಕೊನೆಯ ಕಾರ್ಯಕ್ರಮ. ಆಮೇಲೆ ವೇದಿಕೆ ಬಿಚ್ಚುತ್ತಾರೆ. ಪಟ್ಟಿಯಲ್ಲಿ ಮೊದಲು ನಿನ್ನ ಹೆಸರೇ ಬರೆದಿದ್ದೇನೆ. ಬಂದು, ನಿಲ್ಲಿಸಿದಲ್ಲಿಂದ ಹಾಡಿಬಿಡು. ಈ ಸಲ ಗಂಭೀರವಾಗಿ ಪರಿಚಯಿಸುತ್ತೇನೆ. ಶ್ಲೇಷೆ ಇರುವುದಿಲ್ಲ, ನನ್ನಾಣೆ.

ಇಂತಿ, ಕೇಳುವವರಿಲ್ಲದ
ನಿನ್ನ ವಾಚಾಳಿ

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಪಾರ್ಕಿಗೆ ಸ್ಪೀಕರು ಹಾಕುವವರು ಬಂದು ಆ ದಿನದ ರೆಕಾರ್ಡಿಂಗ್ ಕೊಟ್ಟುಹೋದರು. ನಿನ್ನ ಆ ಒಂದು ಸಾಲು ಬೇಕೆಂದು ನಾನೇ ಕೇಳಿದ್ದೆ. ನನ್ನ ಮಾತು ಮುಗಿದ ಮೇಲೆ ಜನರ ಸದ್ದೇ ಇಲ್ಲ ಕಣೇ. ಹಿಂದೆಲ್ಲೋ ಒಂದು ಮಗು ಕೆಮ್ಮಿದ್ದೂ ಕೇಳುತ್ತದೆ. ನಕ್ಕವನು ಒಬ್ಬನೇ, ಮೈಕಿಗೆ ಬಾಯಿ ಇಟ್ಟುಕೊಂಡವನು. ನಾಲ್ಕು ಸ್ಪೀಕರು ಸೇರಿ ಆ ಒಂದು ನಗುವನ್ನು ಪಾರ್ಕಿನಷ್ಟು ಮಾಡಿದ್ದವು. ನಿನ್ನ ಎಣಿಕೆಯೇ ಸರಿ. ಭಾನುವಾರ ನಿನ್ನ ಹೆಸರು ಕರೆಯಲು ಹೊಲಿಗೆ ಅಂಗಡಿಯವರಿಗೆ ಹೇಳಿದ್ದೇನೆ. ಕೊಡೆ ಅದೇ ಕುರ್ಚಿಯ ಮೇಲಿರುತ್ತದೆ. ನಿನ್ನ ಎರಡನೇ ಸಾಲಿಗಾಗಿ ನಾನು, ಮೈಕಿಲ್ಲದೆ, ಕೊನೆಯ ಸಾಲಿನಲ್ಲಿ ಕೂತಿರುತ್ತೇನೆ.