ಮುಚ್ಚಳ ಹಾಕಿ ತೆಗೆದ ನಲವತ್ತು ಚಿತ್ರಗಳ ಬಗ್ಗೆ

ಎಲ್ಕಿ ಕಣಿವೆಯ ಸಂಸ್ಕೃತಿ ಭವನದ ನಿರ್ದೇಶಕರಿಗೆ,

ಮಾನ್ಯರೇ, ಐದನೇ ತರಗತಿಗೇ ಶಾಲೆ ಬಿಟ್ಟವನ ಕೈಲಿ ಪತ್ರ ಬರೆಸುತ್ತಿದ್ದೀರಿ. ಆ ಪಾಪ ನಿಮ್ಮದೇ. ಮೂರು ಸಲ ನಿಮ್ಮ ಬಾಗಿಲಿಗೆ ಬಂದೆ, ಮೂರು ಸಲವೂ ಬರೆದು ಕೊಡಿ ಅಂದಿರಿ. ತಗೊಳ್ಳಿ, ಬರೆದಿದ್ದೇನೆ, ಊರೆಲ್ಲ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ. ದುರ್ಬೀನಿಗೆ ಕ್ಯಾಮೆರಾ ಕೂರಿಸಿ ನಾನು ತೆಗೆದ, ಆಕಾಶದಲ್ಲಿ ಕೆಂಪು ಮೋಡದಂತಿರುವ ಕರೀನಾ ನೀಹಾರಿಕೆಯ ಚಿತ್ರವನ್ನು ನಿಮ್ಮ ಪ್ರದರ್ಶನದಿಂದ ಇಳಿಸಿದಿರಿ. ಆ ಜಾಗದಲ್ಲಿ 'ಕೃತಕವಾಗಿ ಬಣ್ಣ ಹಚ್ಚಿದ್ದರಿಂದ ತೆಗೆಯಲಾಗಿದೆ' ಎಂದು ಚೀಟಿ ಅಂಟಿಸಿದಿರಿ. ಚಿತ್ರ ಹೋದರೆ ಹೋಗಲಿ. ಚೀಟಿಯ ಕೆಳಗೆ ನನ್ನ ಹೆಸರನ್ನು ಮಾತ್ರ ಯಾಕೆ ಉಳಿಸಿದಿರಿ?

ಇಳಿಸುವ ಮೊದಲು ಮೂಲ ಚಿತ್ರಗಳನ್ನು ತನ್ನಿ ಅಂದಿರಿ. ಕಳ್ಳನಾಗಿದ್ದರೆ ಆರಿಸಿ ತರುತ್ತಿದ್ದೆ. ನಾನು ಎಲ್ಲವನ್ನೂ ತಂದೆ. ನೀವು ತೆರೆದು ನೋಡಿ ಕಾರ್ಯದರ್ಶಿ ಹಿಮೆನಾ ಅವರನ್ನು ಕರೆದಿರಿ.

"ಇಲ್ನೋಡಮ್ಮ, ಎಲ್ಲಾ ಬರೀ ಕಪ್ಪು ಬಿಳುಪು! ಆ ಕೆಂಪು ಎಲ್ಲಿಂದ ಬಂತು, ದೋನ್ ಅರ್ಸೆನಿಯೊ?"

"ಕ್ಯಾಮೆರಾನೇ ಕಪ್ಪು ಬಿಳುಪಿಂದು ಸ್ವಾಮಿ. ಮುಂದೆ ಕೆಂಪು ಗಾಜಿಟ್ಟು ಒಂದಿಷ್ಟು, ಹಸಿರಿಟ್ಟು ಒಂದಿಷ್ಟು, ನೀಲಿ ಇಟ್ಟು..."

"ಮತ್ತೆ ಈ ನಲವತ್ತರಲ್ಲಿ ಏನೂ ಇಲ್ವಲ್ಲ?"

"ಅವು ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿ ತೆಗೆದಿದ್ದು."

ಇಬ್ಬರೂ ನಕ್ಕಿರಿ. ಆಮೇಲೆ ನೀವೇ ಅಂದಿರಿ, "ಮುಚ್ಚಳ ಹಾಕಿ ಫೋಟೋ ತೆಗೀತಾರಂತೆ! ಕಣ್ಣಿಗೆ ಪೊರೆ ಬಂದಿದೆಯಲ್ಲ ಯಜಮಾನ್ರೇ, ತೆಗೆಯೋಕೆ ಮರ್ತಿರ್ತೀರ."

ಮರೆತಿರಲಿಲ್ಲ. ಬೆಳಕೇ ಇಲ್ಲದಾಗಲೂ ಕ್ಯಾಮೆರಾ ತನ್ನ ಬಿಸಿಗೆ ತಾನೇ ಅಲ್ಲಲ್ಲಿ ಚುಕ್ಕೆ ಹುಟ್ಟಿಸುತ್ತದೆ. ಮುಚ್ಚಳ ಹಾಕಿ ತೆಗೆದರೆ ಆ ಸುಳ್ಳು ಚುಕ್ಕೆಗಳಷ್ಟೇ ಸಿಗುತ್ತವೆ. ಅವನ್ನು ನಿಜವಾದ ಚಿತ್ರದಿಂದ ಕಳೆಯಬೇಕು. ಸುಳ್ಳು ತೆಗೆಯಲು ಇಟ್ಟುಕೊಂಡದ್ದನ್ನೇ ಸುಳ್ಳಿಗೆ ಸಾಕ್ಷಿ ಮಾಡಿದಿರಿ, ಭಲೇ! ಹೌದು, ಪೊರೆ ಬಂದಿದೆ. ಬಿಳಿ ಅಂಗಿ ನನಗೆ ಹಳೇ ಬೆಣ್ಣೆಯ ಹಾಗೆ ಕಾಣುತ್ತದೆ. ಅದಕ್ಕೇ ಈ ಕ್ಯಾಮೆರಾ. ಯಾವ ಗಾಜು ದಾಟಿ ಎಷ್ಟು ಬೆಳಕು ಬಂತು ಎಂದು ಅದು ಅಳೆಯುತ್ತದೆ, ಮೂರನ್ನೂ ಒಂದರ ಮೇಲೊಂದು ಕೂರಿಸಿದರೆ ಬಣ್ಣ ಏಳುತ್ತದೆ. ನನ್ನ ಕಣ್ಣನ್ನು ಯಾರೂ ಕೇಳುವುದಿಲ್ಲ. ನಿಮ್ಮ ಕಿಸೆಯ ಫೋನು ಒಂದೊಂದು ಚುಕ್ಕೆಯಲ್ಲೂ ಒಂದೇ ಬಣ್ಣ ಹಿಡಿದು ಉಳಿದೆರಡನ್ನು ಅಕ್ಕಪಕ್ಕ ನೋಡಿ ಊಹಿಸುತ್ತದೆ. ನಿಮ್ಮ ಮಗಳ ಮದುವೆ ಫೋಟೋಗೂ ಚೀಟಿ ಅಂಟಿಸುತ್ತೀರೇನು?

ಐವತ್ತು ವರ್ಷ ಪಿಸ್ಕೊ ಎಂಬ ದ್ರಾಕ್ಷಿ ಸಾರಾಯಿಯ ಭಟ್ಟಿಗಳ ತಾಮ್ರದ ಹಂಡೆ ಬೆಸೆದವನು ನಾನು. ಸೋರುತ್ತದೆಯೇ ಎಂದು ಯಾರೂ ನೀರು ತುಂಬಿ ನೋಡಲಿಲ್ಲ. 'ಅರ್ಸೆನಿಯೊ ಆಯ್ತು ಅಂದ್ನಾ?' ಎಂದು ಕೇಳಿ ಬೆಂಕಿ ಹಾಕುತ್ತಿದ್ದರು. ಮೊನ್ನೆ ಬೇಕರಿಗೆ ಹೋದರೆ ಅದರ ಯಜಮಾನ ನೋಲ್ಬೆರ್ತೊ, ನನ್ನ ಮಗಳ ದೀಕ್ಷಾಸ್ನಾನಕ್ಕೆ ಧರ್ಮಪಿತನಾಗಿ ನಿಂತು ನನಗೆ ಕಂಪಾದ್ರೆ ಆದವನು, "ಬಾ ಕಂಪಾದ್ರೆ, ಇವತ್ತು ಚಂದ್ರನಿಗೆ ಯಾವ ಬಣ್ಣ ಬಳೀತೀಯ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. "ನಿನ್ನ ಬ್ರೆಡ್ಡಿನ ತಳ ಇದೆಯಲ್ಲ, ಆ ಕರೀ ಬಣ್ಣ" ಎಂದು ನಾನೂ ನಕ್ಕೆ. ಮನೆಗೆ ಬಂದು ನೀವು ಇಳಿಸಿ ಕೊಟ್ಟ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇದು ಕೆಂಪೇ ಹೌದಾ? ನೋಡಿದೆ, ನೋಡಿದೆ, ತಿಳಿಯಲಿಲ್ಲ. ಅಳತೆ ಸರಿ ಇದೆ ಎಂದು ಗೊತ್ತಿದ್ದೂ ನನ್ನ ಮಾತಿನ ಮೇಲೆ ನನಗೇ ಅನುಮಾನ ಬಂತು. ಎಪ್ಪತ್ನಾಲ್ಕು ವರ್ಷದಲ್ಲಿ ಇದೇ ಮೊದಲು. ನೀವು ಕಿತ್ತುಕೊಂಡದ್ದು ಆ ನಂಬಿಕೆಯನ್ನು.

ನನಗೆ ಸಮಾಧಾನದ ಮಾತು ಬೇಡ. ಬಿಡಿ ಚಿತ್ರಗಳೆಲ್ಲ ನಿಮ್ಮ ಬಳಿಯೇ ಇವೆ. ಸುತ್ತಲಿನ ಬೆಟ್ಟಗಳ ಮೇಲೆ ಇಷ್ಟು ವೀಕ್ಷಣಾಲಯಗಳಿವೆ. ಬಲ್ಲವರೊಬ್ಬರನ್ನು ಕರೆಸಿ, ಅವರು ಎಲ್ಲರ ಎದುರು ಅವನ್ನು ಒಂದರ ಮೇಲೊಂದು ಕೂಡಿಸಿ ನೋಡಲಿ. ತಪ್ಪು ನನ್ನದಾದರೆ 'ಈತ ಸುಳ್ಳುಗಾರ' ಎಂದು ಬರೆದು ಸಹಿ ಹಾಕಿ, ನಾನೇ ಮೊಳೆ ಹೊಡೆದು ತೂಗುಹಾಕುತ್ತೇನೆ. ಸರಿಯಾಗಿದ್ದರೆ ಚಿತ್ರ ಗೋಡೆಗೆ ಮರಳಬೇಕು, ಚೀಟಿಯನ್ನು ನೀವೇ ಕೈಯಾರೆ ಕೀಳಬೇಕು. ಎರಡರಲ್ಲಿ ಯಾವುದು ಎಂದು ಆಗಸ್ಟ್ ಹದಿನಾಲ್ಕರ ಮಧ್ಯಾಹ್ನದೊಳಗೆ ನನಗೆ ಉತ್ತರ ಬೇಕು.

ಇಂತಿ,
ಸದ್ಯಕ್ಕೆ ತನಗೆ ತಾನೇ ವಿಶ್ವಾಸಿಯಲ್ಲದ
ಅರ್ಸೆನಿಯೊ ಕರ್ಮೋನಾ, ಹಂಡೆ ಬೆಸೆಯುತ್ತಿದ್ದವನು